ವೈರಸ್ ಕಾಣ್ತಿಲ್ಲ ಸರಿ, ಲಿವರ್ ಹೇಗಿದೆ?

ಹೋದ ತಿಂಗಳು ಸೋದರಮಾವ ಫೋನಿನಲ್ಲಿ ಹೇಳಿದ ಮಾತು ಇನ್ನೂ ಚುಚ್ಚುತ್ತಿದೆ. "ರಿಪೋರ್ಟ್ ನಾರ್ಮಲ್ ಬಂತು ಕಣೋ. ವೈರಸ್ಸೇ ಕಾಣ್ತಿಲ್ವಂತೆ. ಮಾತ್ರೆ ನಿಲ್ಲಿಸಿಬಿಟ್ಟೆ." ಅವರಿಗಿರುವುದು ಹೆಪಟೈಟಿಸ್ ಬಿ, ಲಿವರನ್ನು ಕಾಡುವ ವೈರಸ್ ಕಾಯಿಲೆ. ನುಂಗುತ್ತಿದ್ದದ್ದು ವೈರಸ್ಸನ್ನು ಅದುಮಿಡುವ ಟೆನೊಫೊವಿರ್ ಮಾತ್ರೆ. "ಲಿವರ್ ಹೇಗಿದೆಯಂತೆ ಮಾವ?" ಎಂದೆ. "ಅದನ್ನ ಯಾರೂ ಹೇಳ್ಲಿಲ್ವಲ್ಲ" ಅಂದರು.

ನಾನಿರುವ ದೇಶದಲ್ಲಿ ಗೆಳೆಯನೊಬ್ಬನಿಗೂ ಇದೇ ಕಾಯಿಲೆ. ಅವನ ಜೊತೆ ಒಮ್ಮೆ ತಪಾಸಣೆಗೆ ಹೋಗಿದ್ದೆ. ಬಲಗಡೆ ಪಕ್ಕೆಲುಬಿನ ಸಂದಿಗೆ ಜೆಲ್ ಹಚ್ಚಿ, ಮೈಕಿನಂಥ ಸಾಧನ ಒತ್ತಿ ಹಿಡಿದರು. ಬೆರಳಲ್ಲಿ ತಟ್ಟಿದ ಹಾಗೆ ಸಣ್ಣ ಸಣ್ಣ ತಟ್ಟು, ಅಷ್ಟೇ. ಅದು ಫೈಬ್ರೋಸ್ಕ್ಯಾನ್. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಕಿಲೋಪಾಸ್ಕಲ್ ಲೆಕ್ಕದಲ್ಲಿ ಹೇಳುತ್ತದೆ. ಡಾಕ್ಟರು ಪರದೆಯನ್ನು ಅವನ ಕಡೆಗೇ ತಿರುಗಿಸಿದರು. ಚಿಕಿತ್ಸೆಗೆ ಮುಂಚೆ 14, ಈಗ 8. "ಇದರಲ್ಲಿ ಒಂದು ಪಾಲು ಊತ ಇಳಿದದ್ದು. ಲಿವರಿನಲ್ಲಿ ಗಾಯದ ಗುರುತಿನ ಹಾಗೆ ಉಳಿದ ಕಲೆಯೆಲ್ಲ ಹೋಯಿತು ಅಂದುಕೊಳ್ಳಬೇಡಿ, ಮಾತ್ರೆ ಬಿಡಬೇಡಿ" ಅಂತಲೂ ಸೇರಿಸಿದರು. ಅವತ್ತಿನಿಂದ ಅವನು ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ.

ನಮ್ಮ ಕಡೆ ರಿಪೋರ್ಟು ಮಗನ ಕೈಗೆ ಹೋಗುತ್ತದೆ. ಕಾಯಿಲೆಯವರಿಗೆ ಸಿಗುವುದು "ಏನಿಲ್ಲ, ಲಿವರ್ ಸ್ವಲ್ಪ ವೀಕ್" ಅನ್ನುವ ಮಾತು. ಕಲೆ ಎಷ್ಟಿತ್ತು, ಈಗ ಎಷ್ಟಿದೆ ಅಂತ ಗೊತ್ತಿಲ್ಲದವರು ವರ್ಷಗಟ್ಟಲೆ ಮಾತ್ರೆ ಯಾಕೆ ನುಂಗುತ್ತಾರೆ ಹೇಳಿ?

ಲಿವರ್ ಒಮ್ಮೆ ಗಟ್ಟಿಯಾದರೆ ಮುಗೀತು ಅಂತ ಎಷ್ಟೋ ಜನ ಈಗಲೂ ನಂಬಿದ್ದಾರೆ. ವೈರಸ್ಸಿನ ಕಾಟದಿಂದ ಉರಿಯೂತ ಆಗುತ್ತಲೇ ಇದ್ದರೆ ಲಿವರಿನ ಕೆಲವು ಜೀವಕಣಗಳು ಕೊಲಾಜನ್ ಅನ್ನುವ ಪ್ರೋಟೀನಿನ ನಾರನ್ನು ಸುರಿಯುತ್ತಾ ಹೋಗುತ್ತವೆ. ಅದೇ ಕಲೆ. ವೈರಸ್ಸನ್ನು ಅದುಮಿಟ್ಟರೆ ಈ ಸುರಿತ ನಿಲ್ಲುತ್ತದೆ, ಲಿವರ್ ತಾನೇ ಹಳೆಯ ನಾರನ್ನು ನಿಧಾನವಾಗಿ ಕರಗಿಸುತ್ತದೆ. 2013ರಲ್ಲಿ ಪ್ರಕಟವಾದ ಟೆನೊಫೊವಿರ್ ಅಧ್ಯಯನದಲ್ಲಿ 348 ಜನರ ಲಿವರ್ ಚೂರನ್ನು ಚಿಕಿತ್ಸೆಗೆ ಮುಂಚೆ ಮತ್ತು ಐದು ವರ್ಷದ ನಂತರ ತೆಗೆದು ನೋಡಿದ್ದರು. ಅರ್ಧದಷ್ಟು ಜನರಲ್ಲಿ ಕಲೆ ಕಡಿಮೆಯಾಗಿತ್ತು. ಶುರುವಿನಲ್ಲಿ ಸಿರೋಸಿಸ್, ಅಂದರೆ ಲಿವರ್ ತುಂಬ ಕಲೆಗಟ್ಟಿ ಗಂಟುಗಂಟಾದ ಸ್ಥಿತಿ, ಇದ್ದವರು 96 ಮಂದಿ. ಅವರಲ್ಲಿ 71 ಮಂದಿಗೆ ಐದು ವರ್ಷದ ಹೊತ್ತಿಗೆ ಸಿರೋಸಿಸ್ ಇರಲಿಲ್ಲ! ಇಂಥ ಸುದ್ದಿಯನ್ನು ಕಾಯಿಲೆಯವರಿಂದ ಮುಚ್ಚಿಡುವುದು ಯಾವ ನ್ಯಾಯ?

ಐದು ವರ್ಷ ಅನ್ನುವುದನ್ನು ಗಮನಿಸಿ. ಬಿ ವೈರಸ್ ರಕ್ತದಲ್ಲಿ ಕಾಣದಿದ್ದರೂ ಲಿವರ್ ಕಣದೊಳಗೆ ಅವಿತಿರುತ್ತದೆ. ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟರೆ ಮತ್ತೆ ಭುಗಿಲೇಳಬಹುದು. ಕಲೆ ಜಾಸ್ತಿ ಇದ್ದವರಿಗೆ ಅದು ಜೀವಕ್ಕೇ ಕುತ್ತು. ಹೆಪಟೈಟಿಸ್ ಸಿ ಬೇರೆ. ಅದು ಸಾಮಾನ್ಯವಾಗಿ 8ರಿಂದ 12 ವಾರದ ಮಾತ್ರೆಯಲ್ಲಿ ಬಹುಪಾಲು ಜನರಿಗೆ ವಾಸಿಯಾಗುತ್ತದೆ. ಆದರೆ ಸಿರೋಸಿಸ್ ಆಗಿದ್ದವರು ವಾಸಿಯಾದ ಮೇಲೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು. ಕ್ಯಾನ್ಸರಿನ ಭಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಾನಿರುವ ದೇಶದಲ್ಲಿ ಎಲ್ಲ ಚೆನ್ನ, ನಮ್ಮೂರಲ್ಲಿ ಏನೂ ಇಲ್ಲ ಅಂತಲ್ಲ. ಆ ಸ್ಕ್ಯಾನಿಗೆ ಗೆಳೆಯ ತಿಂಗಳುಗಟ್ಟಲೆ ಕಾದಿದ್ದ. ಈ ಮಾತ್ರೆಗಳನ್ನು ಅಗ್ಗವಾಗಿ ಜಗತ್ತಿಗೆ ಕೊಡುವುದರಲ್ಲಿ ಭಾರತದ ಕಂಪನಿಗಳದ್ದೇ ದೊಡ್ಡ ಪಾಲು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಹೊರಗೆ ಅಷ್ಟುದ್ದ ಸಾಲು ನಿಂತಿರುವಾಗ ನಮ್ಮ ಡಾಕ್ಟರಿಗೆ ಕೂತು ಮಾತಾಡಲು ಪುರುಸೊತ್ತೆಲ್ಲಿ, ಅದೂ ನಿಜವೇ. ಅವರೇ ಹೇಳಬೇಕೆಂದಿಲ್ಲ. ನರ್ಸ್ ಹೇಳಲಿ. ಇಲ್ಲವೇ ಚೀಟಿಯಲ್ಲಿ ಹಳೆಯ ಅಂಕಿಯ ಪಕ್ಕ ಹೊಸ ಅಂಕಿ ಬರೆದು, ಕಾಯಿಲೆಯವರ ಕೈಗೇ ಕೊಡಲಿ.