ಗ್ರೂಪಿಗೆ ಬೀಗ ಹಾಕಿದರೆ ಆನೆ ಸುದ್ದಿ ಯಾರಿಗೆ ಹೇಳೋದು?

ಸಕಲೇಶಪುರ, ಆಲೂರು, ಬೇಲೂರು ಕಡೆ ತೋಟದವರ ಫೋನಲ್ಲಿ ಆನೆ ಸುದ್ದಿಯ ಒಂದಾದರೂ ವಾಟ್ಸಾಪ್ ಗ್ರೂಪ್ ಇರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಮಾಹಿತಿ ಅಲ್ಲಿಗೆ ಬರುತ್ತದೆ. ತೋಟದ ರೈಟರ್ (ಲೆಕ್ಕ ಬರೆಯುವವರು), ಹಾಲಿನ ಗಾಡಿಯವರು, ಬಸ್ ಡ್ರೈವರ್ ಕಂಡದ್ದೂ ಬರುತ್ತದೆ. "ಒಂಟಿ ಸಲಗ ರಸ್ತೆ ದಾಟಿ ತೋಟಕ್ಕಿಳಿದಿದೆ" ಅಂತ ಬೆಳಗಿನ ಜಾವ ಒಂದು ಸಾಲು ಬಿದ್ದರೆ ಸಾಕು, ಮಕ್ಕಳನ್ನು ಸ್ಕೂಲಿಗೆ ಕಳಿಸುವವರು ಸ್ವಲ್ಪ ಕಾಯುತ್ತಾರೆ.

ಇಂಥ ನಮ್ಮದೊಂದು ಗ್ರೂಪಿನಲ್ಲಿ ಈಗ ಚರ್ಚೆ ಜೋರಾಗಿದೆ. ಸೇರುವ ಲಿಂಕ್ ತೆಗೆದುಬಿಡಿ, ಪರಿಚಯ ಇಲ್ಲದವರನ್ನೆಲ್ಲ ಹೊರಗೆ ಹಾಕಿ ಅನ್ನುವುದು ಕೆಲವು ಹಿರಿಯರ ವಾದ. ಅವರ ಭಯ ಸುಳ್ಳಲ್ಲ. ಆದರೆ ಲಿಂಕ್ ತೆಗೆದರೆ ಎಲ್ಲ ಸರಿಹೋಗುತ್ತದೆ ಅನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಗಲಾಟೆ ಶುರುವಾಗಿದ್ದು 'ಮದುವೆ ಆಮಂತ್ರಣ' ಅನ್ನುವ ಎಪಿಕೆ ಫೈಲ್‌ನಿಂದ. ಅದು ಬಂದಿದ್ದು ಯಾರ ನಂಬರಿನಿಂದ? ಹೊರಗಿನವರದಲ್ಲ, ಎಲ್ಲರಿಗೂ ಗೊತ್ತಿರುವ ನಮ್ಮೂರಿನವರದ್ದೇ. ಪಾಪ, ಅವರಿಗೇ ತಿಳಿದಿರಲಿಲ್ಲ. ಈ ಫೈಲ್ ಒತ್ತಿದರೆ ಕಾರ್ಡ್ ತೆರೆಯುವುದಿಲ್ಲ, ಒಂದು ಆ್ಯಪ್ ಇನ್‌ಸ್ಟಾಲ್ ಆಗುತ್ತದೆ. ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ಬ್ಯಾಂಕಿನ ಒಟಿಪಿ ಕಳ್ಳರ ಕೈಗೆ. ವಾಟ್ಸಾಪೂ ಸಿಕ್ಕಿಬಿಟ್ಟರೆ ಅದೇ ಹೆಸರಲ್ಲಿ ಎಲ್ಲ ಗ್ರೂಪಿಗೂ ಅದೇ ಫೈಲ್ ಹೋಗುತ್ತದೆ. ನಮ್ಮವರೇ ಕಳಿಸಿದ್ದು ಅನ್ನುವ ನಂಬಿಕೆಯೇ ಕಳ್ಳರ ಬಂಡವಾಳ. ಗ್ರೂಪಿಗೆ ಬೀಗ ಹಾಕಿದರೆ ಆ ನಂಬಿಕೆ ಇನ್ನೂ ಜಾಸ್ತಿಯಾಗುತ್ತದೆ, ಅಲ್ವಾ? (ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮ ಪಕ್ಕದ ಮುಳ್ಳಯ್ಯನಗಿರಿಯ ಎತ್ತರವೂ ಸುಮಾರು 1930 ಮೀಟರ್, ಮರೆಯುವ ಹಾಗಿಲ್ಲ.)

ಇನ್ನು ಹೊರಗೆ ಹೋಗುವವರು ಯಾರು ನೋಡಿ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ ಇರುವ ಅಸ್ಸಾಂ ಕಡೆಯವರು. ನಮಗೆ ಓದಲು ಬಾರದ ಲಿಪಿಯಲ್ಲಿ ಹೆಸರು, ಡಿಪಿಯಲ್ಲಿ ಯಾವುದೋ ಸಿನಿಮಾ ನಟ. "ಯಾರಪ್ಪ ಇದು?" ಅಂತ ತೆಗೆದುಹಾಕುವುದು ಸುಲಭ. ಆದರೆ ಜೀಪಲ್ಲಿ ಓಡಾಡುವ ಸಾಹುಕಾರರಿಗಿಂತ, ಮಂಜಿನಲ್ಲಿ ನಡೆದು ಕೆಲಸಕ್ಕೆ ಹೋಗುವ ಇವರಿಗೇ ಆನೆ ಎದುರಾಗುವುದು ಜಾಸ್ತಿ. ಇವರಿಗೆ ಅಂತ ಹಿಂದಿಯಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿ ಅಂದರೆ "ಕನ್ನಡ ಕಲೀಲಿ ಬಿಡ್ರೀ" ಅನ್ನುತ್ತಾರೆ. ಕಲಿಯಲಿ, ಬೇಡ ಅಂದವರಾರು? ಅಲ್ಲಿಯವರೆಗೆ ಆನೆ ಕಾಯುತ್ತದೆಯೇ?

ಹಾಗಂತ ಎಲ್ಲ ಬಿಚ್ಚಿಡಿ ಅಂತಲ್ಲ. ಜಗಲಿಗೆ ಯಾರು ಬೇಕಾದರೂ ಬರಲಿ, ದುಡ್ಡಿನ ಡಬ್ಬಿ ಎಲ್ಲಿದೆ ಅಂತ ಹೇಳಬೇಕಿಲ್ಲ. ನಮ್ಮವರು ಮಾಡುವುದು ಇದರ ಉಲ್ಟಾ. ಹೊಸ ನಂಬರ್ ಕಂಡರೆ ಅನುಮಾನ. ತಾವು ಮಾತ್ರ ಕಣದಲ್ಲಿ ಕಾಫಿ ಒಣಗುತ್ತಿರುವ ಫೋಟೋ ಹಾಕಿ "ಧರ್ಮಸ್ಥಳಕ್ಕೆ ಹೊರಟಿದ್ದೇವೆ, ಸೋಮವಾರ ಬರ್ತೀವಿ" ಅಂತ ಬರೆಯುತ್ತಾರೆ. ಕಾಫಿ, ಮೆಣಸಿಗೆ ಬೆಲೆ ಬಂದು ಕಣಕ್ಕೆ ರಾತ್ರಿ ಕಾವಲು ಹಾಕುವ ಕಾಲದಲ್ಲಿ! ಆಧಾರ್ ಕಾರ್ಡನ್ನೇ ಗ್ರೂಪಿಗೆ ಹಾಕಿ "ಯಾರಾದ್ರೂ ಪ್ರಿಂಟ್ ತೆಗೆದುಕೊಡಿ" ಅನ್ನುವವರೂ ಇದ್ದಾರೆ.

ಆನೆ ಸುದ್ದಿಯಲ್ಲೂ ಅಷ್ಟೇ. ಊರು, ರಸ್ತೆ, ಸಮಯ ಹೇಳಿದರೆ ಸಾಕು. ವಿಡಿಯೋ, ಲೊಕೇಶನ್ ಹಾಕಿದರೆ ಜಾಗ ಬಿಟ್ಟು ಹೋಗುವವರಿಗಿಂತ ಬೈಕ್ ಹತ್ತಿ ನೋಡಲು ಬರುವವರೇ ಹೆಚ್ಚು. ಗಾಳಿಸುದ್ದಿಯ ಕಥೆಯೇ ಬೇರೆ. 2023ರ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಹಿಡಿಯುವಾಗ ದಸರಾ ಆನೆ ಅರ್ಜುನ ಸತ್ತನಲ್ಲ, ಆಗ ಹರಿದಾಡಿದ ಆಡಿಯೋಗಳನ್ನು ನೆನೆಸಿಕೊಳ್ಳಿ. ಯಾರ ದನಿ ಅಂತ ಎಷ್ಟು ಜನ ಕೇಳಿದೆವು? ಫಾರ್ವರ್ಡ್ ಮಾಡಿದವರೆಲ್ಲ ಪರಿಚಯದವರೇ.

ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಅನ್ನುವ ಸೆಟ್ಟಿಂಗ್ ವಾಟ್ಸಾಪಿನಲ್ಲೇ ಇದೆ. ಅದನ್ನು ಹಾಕಿ. ಯಾವ ತೋಟ, ಮೇಸ್ತ್ರಿ ಯಾರು ಅಂತ ಮರ್ಯಾದೆಯಿಂದ ಕೇಳಿ ಸೇರಿಸಿಕೊಳ್ಳಿ. ಹರಟೆಗೆ, ಗುಡ್ ಮಾರ್ನಿಂಗಿಗೆ ಬೇರೆ ಗ್ರೂಪ್ ಇರಲಿ. ಇಷ್ಟಾದ ಮೇಲೂ ಲಿಂಕ್ ತೆಗೆಯಲೇಬೇಕು ಅಂತ ಅಡ್ಮಿನ್‌ಗಳು ತೀರ್ಮಾನಿಸಿದರೆ ತೆಗೆಯಲಿ. ಅದಕ್ಕೂ ಮೊದಲು ಪ್ರತಿ ಲೈನಿನಿಂದ ಒಬ್ಬರ ನಂಬರಾದರೂ ಸೇರಿಸಲಿ. ನಮ್ಮ ತೋಟದ ಲೈನಿನವರ ನಂಬರ್ ನಾನು ಇವತ್ತೇ ಅಡ್ಮಿನ್‌ಗೆ ಕಳಿಸುತ್ತೇನೆ, ಗ್ರೂಪಲ್ಲಿ ಹಾಕುವುದಿಲ್ಲ.