ಸ್ಪಷ್ಟನೆ: ಒಮರ್ ಅಪೊಲೊ ನಾಟಕ ಆಡುತ್ತಿಲ್ಲ

'ಗಾಯಕ ಒಮರ್ ಅಪೊಲೊ ಮೆಕ್ಸಿಕೊದಲ್ಲಿ ಹುಟ್ಟಿದವರು, 2023ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ದರು, ಜನಪ್ರಿಯತೆಗಾಗಿ ಗೇ ಅಂತ ನಟಿಸುತ್ತಾರೆ' ಎಂಬ ಸಾಲುಗಳು ಸುತ್ತಾಡುತ್ತಿವೆ. ಮೂರೂ ತಪ್ಪು.

ಮೊದಲೆರಡು ಬೇಗ ಮುಗಿಯುತ್ತವೆ. ಅವರು ಹುಟ್ಟಿದ್ದು 1997ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಹೋಬಾರ್ಟ್ ಊರಲ್ಲಿ. ಮೆಕ್ಸಿಕೊದಿಂದ ಬಂದವರು ಅಪ್ಪ ಅಮ್ಮ. ಗ್ರ್ಯಾಮಿಯ ಹೊಸ ಕಲಾವಿದರ ವಿಭಾಗದಲ್ಲಿ ಅವರ ಹೆಸರಿತ್ತು ನಿಜ, ಆದರೆ ಗೆದ್ದದ್ದು ಗಾಯಕಿ ಸಮಾರಾ ಜಾಯ್.

ಮೂರನೆಯದು ಸ್ವಲ್ಪ ಜಾಸ್ತಿ ಕಾಡುತ್ತದೆ. 2022ರಲ್ಲೇ ಒಬ್ಬರು ಇದೇ ಆರೋಪ ಮಾಡಿದ್ದರು. ಒಮರ್ ಟ್ವಿಟರ್‌ನಲ್ಲೇ ಉತ್ತರ ಕೊಟ್ಟರು. ಇಲ್ಲಿ ಬರೆಯಲಾಗದಷ್ಟು ಪೋಲಿ ಉತ್ತರ ಅದು, ಆದರೆ ತಾನು ಗೇ ಎಂಬುದರಲ್ಲಿ ಯಾವ ಅನುಮಾನವನ್ನೂ ಉಳಿಸಲಿಲ್ಲ. ಅದಕ್ಕೂ ಮೊದಲೇ ಹಾಡುಗಳಲ್ಲಿ ಗಂಡಸನ್ನು ಪ್ರೀತಿಸಿದ್ದನ್ನು ಹೇಳಿಕೊಂಡಿದ್ದರು. ಮುಂಚೆ ಬಾಯಿಬಿಟ್ಟು ಹೇಳಲಿಲ್ಲ ಎಂದ ಮಾತ್ರಕ್ಕೆ ಅದು ನಟನೆ ಆಗುತ್ತದಾ? ಕ್ಯಾಥೊಲಿಕ್ ಮನೆಯಲ್ಲಿ ಬೆಳೆದ ಹುಡುಗ. ಅಂಥ ಮನೆಗಳಲ್ಲಿ ಈ ಮಾತು ಎತ್ತುವುದು ಎಷ್ಟು ಕಷ್ಟ ಅಂತ ನಮಗೂ ಊಹಿಸಬಹುದು, ಅಲ್ವಾ?

ಇನ್ನೊಂದು ಮಾತು. ಅವರನ್ನು ಈಗಲೂ 'ಇಂಡೀ', ಅಂದರೆ ದೊಡ್ಡ ಕಂಪನಿಗಳ ನೆರವಿಲ್ಲದೆ ತಾವೇ ಹಾಡು ತರುವ ಕಲಾವಿದ, ಎನ್ನುವುದು ಅರ್ಧ ಸತ್ಯ. 2017ರಲ್ಲಿ ಮೊದಲ ಹಾಡನ್ನು ಸ್ಪಾಟಿಫೈಗೆ ಹಾಕಲು ಗೆಳೆಯರಿಂದ 30 ಡಾಲರ್ ಸಾಲ ಮಾಡಿದ್ದರು. ಆಗ ಪೂರ್ತಿ ಸ್ವತಂತ್ರರು. ಆದರೆ 2022ರ 'ಐವರಿ' ಆಲ್ಬಂ ತಂದದ್ದು ವಾರ್ನರ್ ಎಂಬ ದೊಡ್ಡ ಕಂಪನಿ.