75 ಕೆ.ಜಿ.ಯ ಆ ಮಹಾನುಭಾವ ಎಲ್ಲಿದ್ದಾನೆ?

ಮನೆಗೊಂದು ಎಲೆಕ್ಟ್ರಿಕ್ ಕಾರ್ಗೋ ಬೈಕ್, ಅಂದರೆ ಸಾಮಾನು ಹೊರುವ ಗಾಡಿ, ತಗೊಳ್ಳುವುದು ಅಂತ ತೀರ್ಮಾನವಾಗಿ ಮೂರು ತಿಂಗಳಾಯಿತು. ತೀರ್ಮಾನ ಮಾಡಿದ್ದು ಹೆಂಡತಿ. ಅಲೆಯುವ ಕೆಲಸ ನನ್ನದು.

ನಮ್ಮ ಅಗತ್ಯ ತೀರಾ ಸಾಮಾನ್ಯ. ಬೆಳಿಗ್ಗೆ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ಬರಬೇಕು. ನಮ್ಮ ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಕ್ಯಾನ್ ಹೊರದ ಗಾಡಿ ನಮ್ಮ ಲೆಕ್ಕದಲ್ಲಿ ಗಾಡಿಯೇ ಅಲ್ಲ. ಆಮೇಲೆ ಮಗಳನ್ನು ಸ್ಕೂಲಿಗೆ ಬಿಡಬೇಕು. ಅವಳ ಬ್ಯಾಗನ್ನು ಇನ್ನೊಬ್ಬ ಪ್ರಯಾಣಿಕ ಅಂತಲೇ ಎಣಿಸಬೇಕು. ತಿಂಗಳಿಗೊಂದು 25 ಕೆ.ಜಿ. ಅಕ್ಕಿ ಮೂಟೆ. ಸೋಮವಾರ ಅಮ್ಮನನ್ನು ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು. ಅಮ್ಮನಿಗೆ ಮಂಡಿ ನೋವು. ಭಕ್ತಿಗೆ ಮಾತ್ರ ಯಾವ ನೋವೂ ಇಲ್ಲ.

ಅಂಗಡಿಯ ಹುಡುಗ ಮೊದಲು ಬ್ರೋಷರ್ ಕೊಟ್ಟ. ಮುಖಪುಟದಲ್ಲಿ ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ಲು, ಪೆಟ್ಟಿಗೆಯಲ್ಲಿ ಎರಡು ಕೆಂಚು ಕೂದಲಿನ ಮಕ್ಕಳು, ಪಕ್ಕದಲ್ಲಿ ಒಂದು ಹಿಡಿ ಟ್ಯುಲಿಪ್ ಹೂವು. ಹಾಲೆಂಡ್ ಕಡೆಯ ಫೋಟೋ ಇರಬೇಕು. ಆ ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಯುರೋಪಿನ ನೆಲದಲ್ಲಿ ಅವರಿಗಿರುವ ಅತಿ ಎತ್ತರದ ಗುಡ್ಡ ಸುಮಾರು 322 ಮೀಟರ್. ನಮ್ಮೂರಿನ ಬಸ್ ಸ್ಟ್ಯಾಂಡೇ ಅದರ ಎರಡೂವರೆ ಪಟ್ಟಿಗಿಂತ ಎತ್ತರದಲ್ಲಿದೆ. ಇನ್ನು ಹೂವಿನ ವಿಷಯ. ನಮ್ಮಲ್ಲಿ ಹೂವು ಹಿಡಿ ಲೆಕ್ಕದಲ್ಲಿ ಓಡಾಡುವುದಿಲ್ಲ, ಮೂಟೆ ಲೆಕ್ಕದಲ್ಲಿ ಓಡಾಡುತ್ತದೆ.

ಹುಡುಗ ಎರಡು ಗಾಡಿ ತೋರಿಸಿದ. ಒಂದು ರಿಜಿಸ್ಟ್ರೇಷನ್ ಆಗುವ ಸ್ಕೂಟರು, ಹಿಂದೆ ದೊಡ್ಡ ಕ್ಯಾರಿಯರ್. "ಐಡಿಸಿ ರೇಂಜ್ 120 ಕಿಲೋಮೀಟರ್ ಸಾರ್."

ರೇಂಜ್ ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ. ಐಡಿಸಿ ಅಂದರೆ ಇಂಡಿಯನ್ ಡ್ರೈವಿಂಗ್ ಸೈಕಲ್. ಇದು ತುಳಿಯುವ ಸೈಕಲ್ ಅಲ್ಲ, ಪರೀಕ್ಷೆಯ ಹೆಸರು. ಗಾಡಿಯನ್ನು ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ಒಂದು ಸುತ್ತಿಗೆ 108 ಸೆಕೆಂಡ್, ಅಷ್ಟೋತ್ತರದ ಲೆಕ್ಕ. ವೇಗ 42 ಕಿಲೋಮೀಟರ್ ದಾಟುವುದಿಲ್ಲ. ಹೊರೆ ಅಂದರೆ ಸವಾರನ ಲೆಕ್ಕಕ್ಕೆ 75 ಕೆ.ಜಿ., ಅಷ್ಟೇ. ಏರು ಇಲ್ಲ, ಹಳ್ಳ ಇಲ್ಲ, ಎದುರುಗಾಳಿಯಲ್ಲಿ ಹಾರುವ ಸೆರಗು ಇಲ್ಲ. ಹೀಗೆ ಎಲ್ಲಿಗೂ ಹೋಗದೆ 120 ಕಿಲೋಮೀಟರ್ ಹೋಗಿಬಂದ ಗಾಡಿ ಅದು. ಸುಮ್ನೆ ಹೇಳಬಾರದು, ಸರ್ಕಾರಿ ಪ್ರವಾಸದ ಬಿಲ್ಲಿನಲ್ಲಿ ಮಾತ್ರ ನಾನು ಇಂಥದ್ದನ್ನು ಕಂಡಿದ್ದೆ.

ಆ 75 ಕೆ.ಜಿ.ಯ ಮನುಷ್ಯನನ್ನು ಒಮ್ಮೆ ನೋಡಬೇಕು ಅನ್ನಿಸಿತು. ಒಬ್ಬನೇ ಹೋಗುತ್ತಾನೆ. ಕೈಯಲ್ಲಿ ಚೀಲ ಇಲ್ಲ. ಹಿಂದೆ ಹೆಂಡತಿ ಇಲ್ಲ. ದಾರಿಯಲ್ಲಿ "ಅಣ್ಣಾ, ಗೇಟ್‌ವರೆಗೂ ಬಿಡಣ್ಣಾ" ಅಂತ ಯಾರೂ ಹತ್ತುವುದಿಲ್ಲ. ಬೆಳಗಿನ ಜಾವ ಹೂವಿನ ಮಾರ್ಕೆಟ್ ಹತ್ತಿರ ಹುಡುಕಿದೆ. ಟಿವಿಎಸ್ ಎಕ್ಸ್‌ಎಲ್ ಮೇಲೆ ಸೇವಂತಿಗೆಯ ನಾಲ್ಕು ಮೂಟೆ ಬಂತು. ಮೂಟೆಗಳ ನಡುವೆ ಒಂದು ಮಂಕಿ ಕ್ಯಾಪ್ ಕಾಣಿಸಿತು, ಅದು ಯಜಮಾನರು. ಮೂಟೆಗಳ ಮೇಲೆ ಒಂದು ಟಾರ್ಚ್ ಕಾಣಿಸಿತು, ಅದು ಅವರ ಮನೆಯವರು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಗೂಡಿನ ಚೀಲಗಳೇ ಮೊಪೆಡ್ ಓಡಿಸಿಕೊಂಡು ಬರುತ್ತಿದ್ದವು. ಕೊನೆಗೆ ಪೆರೇಸಂದ್ರದ ರಸ್ತೆಯಲ್ಲಿ ಒಬ್ಬರೇ ಹೋಗುತ್ತಿದ್ದವರು ಸಿಕ್ಕರು. ತೂಕವೂ ಸರಿಯಾಗಿ 75 ಇದ್ದಂತಿತ್ತು. ಹತ್ತಿರ ಹೋಗಿ ನೋಡಿದರೆ ತೊಡೆ ಮೇಲೆ ಒಂದು ಕುರಿ ಮಲಗಿತ್ತು.

ಹುಡುಗ ತೋರಿಸಿದ ಎರಡನೆಯದು ತುಳಿಯುವ ಪೆಡಲ್ಲೂ ಇರುವ ಉದ್ದನೆಯ ಎಲೆಕ್ಟ್ರಿಕ್ ಸೈಕಲ್. ಇದರ ಮುಖ್ಯ ಆಕರ್ಷಣೆ ಏನು ಅಂತ ಕೇಳಿದೆ. "ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಸಾರ್!" ಅಂದ. ನಿಜ. ಮೋಟಾರು 30 ನಿಮಿಷ ಸತತವಾಗಿ ಕೊಡಬಲ್ಲ ಪವರ್ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ನಮ್ಮ ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ಮನೆಗೆ ಬಂದು ಮಿಕ್ಸಿ ಕೆಳಗಿನ ಲೇಬಲ್ ಓದಿದೆ. 750 ವಾಟ್. ಕಾಯಿ ಚಟ್ನಿ ರುಬ್ಬುವುದಕ್ಕೆ 750, ಅಮ್ಮನನ್ನು ಬೆಟ್ಟ ಹತ್ತಿಸುವುದಕ್ಕೆ 250.

ಆದರೂ ಅಮ್ಮ, ಮಗಳ ಜೊತೆ ಮತ್ತೆ ಅಂಗಡಿಗೆ ಹೋಗಿ ಹೊರೆ ಎಷ್ಟು ಅಂತ ವಿಚಾರಿಸಿದೆ. "150 ಕೆ.ಜಿ. ಸಾರ್, ಆರಾಮಾಗಿ." ಬ್ರೋಷರಿನಲ್ಲಿ ಆ ಅಂಕಿಯ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಇತ್ತು. ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದೆ: ಸವಾರನೂ ಸೇರಿ. ನಾನು 72, ಅಮ್ಮ 60. ಉಳಿದಿದ್ದು 18 ಕೆ.ಜಿ. ಒಂದು ಕ್ಯಾನ್ ನೀರು ತರಬೇಕಾದರೂ ಎರಡು ಲೀಟರ್ ಕುಡಿದೇ ಹೊರಡಬೇಕು. ಕುಡಿದರೆ ನನ್ನ ತೂಕ ಏರುತ್ತದೆ ಅಂತ ಮಗಳು ನೆನಪಿಸಿದಳು.

"ಏರು ಹತ್ತುತ್ತಾ?"

"7 ಡಿಗ್ರಿ ಸಾರ್!"

7 ಡಿಗ್ರಿ ಅಂದರೆ 100 ಮೀಟರಿಗೆ ಹತ್ತಿರ ಹತ್ತಿರ 12 ಮೀಟರ್ ಏರು. ಸೈಕಲ್ಲು, ನಾನು, ಅಮ್ಮ, ಅಮ್ಮನ ಹಣ್ಣುಕಾಯಿ ಬುಟ್ಟಿ ಎಲ್ಲ ಸೇರಿ 200 ಕೆ.ಜಿ. ಅಂತಿಟ್ಟುಕೊಳ್ಳಿ. ನಾನು ಪೆಡಲ್ ಮುಟ್ಟದೆ 250 ವಾಟ್ ಒಂದನ್ನೇ ನಂಬಿದರೆ ಗಂಟೆಗೆ 4 ಕಿಲೋಮೀಟರ್ ಕೂಡ ಹೋಗುವುದಿಲ್ಲ. ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ನಡೆದೇ ನಮ್ಮನ್ನು ಹಿಂದೆ ಹಾಕುತ್ತಾರೆ. ನಂದಿ ಬೆಟ್ಟ 1,478 ಮೀಟರ್. ನಮ್ಮೂರಿಂದ ಅಲ್ಲಿಗೆ 500 ಮೀಟರಿಗಿಂತ ಜಾಸ್ತಿ ಎತ್ತರ. 200 ಕೆ.ಜಿ.ಯನ್ನು 500 ಮೀಟರ್ ಎತ್ತುವುದಕ್ಕೇ 270 ವಾಟ್-ಅವರ್ ಶಕ್ತಿ ಬೇಕು. ಮೋಟಾರು ಬಿಸಿಯಾಗಿ ಪೋಲಾಗುವುದು, ಟಯರು ಉಜ್ಜುವುದು ಬೇರೆ. ಹುಡುಗ ತೋರಿಸಿದ ಬ್ಯಾಟರಿ 36 ವೋಲ್ಟ್, 10 ಆಂಪಿಯರ್-ಅವರ್. ಗುಣಿಸಿದರೆ 360 ವಾಟ್-ಅವರ್, ಅಷ್ಟರಲ್ಲೇ ಎಲ್ಲ ಆಗಬೇಕು. ಬೆಟ್ಟದ ಬುಡದಲ್ಲಿ ಭೋಗ ನಂದೀಶ್ವರ, ತುದಿಯಲ್ಲಿ ಯೋಗ ನಂದೀಶ್ವರ. ಈ ಬ್ಯಾಟರಿ ನಂಬಿ ಹೊರಟರೆ ಭೋಗ ನಂದೀಶ್ವರನ ದರ್ಶನ ಖಂಡಿತ. ಮೇಲಿನವನ ದರ್ಶನಕ್ಕೆ ಯೋಗ ಇರಬೇಕು.

"ಮೋಟಾರು ಎಲ್ಲಿದೆ?" ಅಂತ ಕೇಳಿದ್ದಕ್ಕೆ ಹುಡುಗ ಮೊದಲ ಸಲ ನನ್ನ ಮುಖ ನೋಡಿದ. ಹಿಂದಿನ ಚಕ್ರದ ನಡುವೆ ಇತ್ತು. ಏರಿನಲ್ಲಿ ಚಕ್ರ ನಿಧಾನವಾದಷ್ಟೂ ಇಂಥ ಮೋಟಾರು ತಳ್ಳುವುದನ್ನು ಬಿಟ್ಟು ಬಿಸಿಯಾಗುವ ಕೆಲಸ ಶುರು ಮಾಡುತ್ತದೆ. ಪೆಡಲ್ ಹತ್ತಿರ ಮೋಟಾರು ಇದ್ದರೆ ಚೈನು, ಗೇರಿನ ಮೂಲಕ ಎಳೆಯುತ್ತದೆ. ಸಣ್ಣ ಗೇರಿಗೆ ಹಾಕಿದರೆ ನಿಧಾನವಾಗಿಯಾದರೂ ಹತ್ತುತ್ತದೆ. ಬೆಟ್ಟದ ಊರಿನವರು ನೋಡಬೇಕಾದದ್ದು ಅದನ್ನು. ಇಳಿಯುವಾಗ 200 ಕೆ.ಜಿ. ಹಿಡಿದು ನಿಲ್ಲಿಸುವ ಡಿಸ್ಕ್ ಬ್ರೇಕು, ನೀರಿನ ಕ್ಯಾನ್ ಇಟ್ಟಾಗ ಪಲ್ಟಿ ಹೊಡೆಯದ ಎರಡು ಕಾಲಿನ ಸ್ಟ್ಯಾಂಡು, ಅಮ್ಮನ ಕಾಲಿಗೆ ಆಧಾರ, ಇವೂ ಬೇಕು. ಬ್ರೋಷರಿನಲ್ಲಿ ಇವು ಒಂದೂ ಇರಲಿಲ್ಲ. ಬ್ಲೂಟೂತ್ ಇತ್ತು. ಗಾಡಿ ಈಗ ಎಲ್ಲಿದೆ ಅಂತ ಮೊಬೈಲಿನಲ್ಲಿ ತೋರಿಸುತ್ತದಂತೆ. ಏರಿನಲ್ಲಿ ನಿಂತ ಗಾಡಿಯ ಪಕ್ಕದಲ್ಲೇ ನಾನೂ ನಿಂತಿರುತ್ತೇನಲ್ಲ, ತೋರಿಸಲಿ.

ಟೆಸ್ಟ್ ರೈಡ್ ಕೇಳಿದೆ. ಅಂಗಡಿ ಮುಂದೆ ಒಂದು ಸುತ್ತು, ಒಬ್ಬರೇ. "ಅಮ್ಮನನ್ನೂ ಕೂರಿಸಿಕೊಳ್ಳಲಾ?" ಅಂದೆ. "ಆಂಟಿ ಇಲ್ಲೇ ಫ್ಯಾನ್ ಕೆಳಗೆ ಕೂತಿರಲಿ ಸಾರ್," ಅಂತ ಕುರ್ಚಿ ಎಳೆದುಕೊಟ್ಟ. ಒಳ್ಳೆಯ ಹುಡುಗ, ಟೀ ಕೂಡ ತರಿಸಿದ.

ಅಮ್ಮನೇ ಟೀ ಕುಡಿಯುತ್ತಾ ವಿಳಾಸ ಹೇಳಿದರು. "ತಗೊಂಡರೆ ಮನೆಗೆ ನೀವೇ ಓಡಿಸಿಕೊಂಡು ಬಂದು ಕೊಡ್ತೀರೇನಪ್ಪಾ?"

ಹುಡುಗ ವಿಳಾಸ ಬರೆದುಕೊಂಡು ಒಂದು ಕ್ಷಣ ಯೋಚಿಸಿದ.

"ಇಲ್ಲ ಆಂಟಿ, ಲಗೇಜ್ ಆಟೋಗೆ ಹಾಕಿ ಕಳಿಸ್ತೀವಿ. ನಿಮ್ಮನೆ ಕಡೆ ಏರು ಅಲ್ವಾ?"